ಯಾವ ದಂಡಿಗೆ ಹೋಗಿದ್ದರು?

"ನಮ್ಮ ದೊಡ್ಡಜ್ಜ ದಂಡಿಗೆ ಹೋಗಿದ್ದರು." ಹಾಸನ, ಚಿಕ್ಕಮಗಳೂರು ಕಡೆಯ ಎಷ್ಟೋ ಮನೆಗಳಲ್ಲಿ ಈ ಮಾತು ಇದೆ. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: "ಜಪಾನಿನವರ ಕೈಗೆ ಸಿಕ್ಕಿದ್ದರಂತೆ." ಅಲ್ಲಿಗೆ ಕಥೆ ನಿಲ್ಲುತ್ತದೆ. ಯಾವ ಊರಿನಲ್ಲಿ ಸಿಕ್ಕಿದ್ದು, ಎಷ್ಟು ವರ್ಷ ಸೆರೆಯಲ್ಲಿದ್ದರು, ಯಾವಾಗ ಬಂದರು ಎಂದು ಕೇಳಿದರೆ ಹಿರಿಯರು ಸುಮ್ಮನಾಗುತ್ತಾರೆ. ಅವರಿಗೆ ಹೇಳುವ ಮನಸ್ಸಿಲ್ಲ ಎಂದಲ್ಲ, ಹೋದವರೇ ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ.

ನಮ್ಮ ಮನೆಯಲ್ಲಿ ಹಾಗೆ ಹೋದವರು ಅಜ್ಜಿಯ ಅಣ್ಣ. ಹೊಳೆನರಸೀಪುರ ತಾಲ್ಲೂಕಿನ ಸಣ್ಣ ಹಳ್ಳಿಯವರು. ಅವರ ಪದಕವೊಂದನ್ನು ರೂಪಾಯಿ ನಾಣ್ಯವೆಂದು ತಿಳಿದು ಮಕ್ಕಳ ಉಡಿದಾರಕ್ಕೆ ಕಟ್ಟುತ್ತಿದ್ದರು. ನನ್ನ ಸೊಂಟದಲ್ಲೂ ಅದು ಇತ್ತೆಂದು ಅಮ್ಮ ಹೇಳುತ್ತಾರೆ. ಬಹಳ ವರ್ಷಗಳ ಮೇಲೆ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿದಾಗ ಅಂಚಿನಲ್ಲಿ ಸಣ್ಣ ಇಂಗ್ಲಿಷ್ ಅಕ್ಷರಗಳು ಕಂಡವು: ಒಂದು ಸಂಖ್ಯೆ, ಒಂದು ಹುದ್ದೆ, ಒಂದು ಹೆಸರು. ನನ್ನ ಹುಡುಕಾಟ ಶುರುವಾದದ್ದು ಅಲ್ಲಿಂದ. ಪದಕ ತಿಕ್ಕಬಾರದಿತ್ತೆಂದು ಈಗ ಗೊತ್ತು. ನೀವು ತಿಕ್ಕಬೇಡಿ. ಓರೆ ಬೆಳಕಿನಲ್ಲಿ ಹಿಡಿದು ಮೊಬೈಲಿನಲ್ಲಿ ಹತ್ತಿರದಿಂದ ಚಿತ್ರ ತೆಗೆದರೆ ಸಾಕು, ಅಕ್ಷರ ಕಾಣುತ್ತದೆ.

ಹುಡುಕಲು ಹೊರಟವರು ಸಾಮಾನ್ಯವಾಗಿ ಮೊದಲು ಲಂಡನ್ನಿನ ಕಡೆ ನೋಡುತ್ತಾರೆ. ಬ್ರಿಟಿಷರ ಸೇನೆ, ಬ್ರಿಟಿಷರ ಯುದ್ಧ, ಆದ್ದರಿಂದ ದಾಖಲೆಯೂ ಅಲ್ಲೇ ಇರಬೇಕು ಎಂಬುದು ಲೆಕ್ಕ. ಆ ಲೆಕ್ಕ ತಪ್ಪು. ಎರಡನೇ ಮಹಾಯುದ್ಧದಲ್ಲಿ ಭಾರತೀಯ ಸೇನೆ ಸುಮಾರು 2 ಲಕ್ಷದಿಂದ 25 ಲಕ್ಷಕ್ಕೆ ಬೆಳೆಯಿತು. ಆ ಸಾಮಾನ್ಯ ಸಿಪಾಯಿಗಳ ಸೇವಾ ಕಡತಗಳು ಇಲ್ಲೇ, ಅವರವರ ರೆಜಿಮೆಂಟಿನ ದಾಖಲೆ ಕಚೇರಿಗಳಲ್ಲೇ ಉಳಿದವು. 1947ರಲ್ಲಿ ಸೇನೆ ಇಬ್ಭಾಗವಾದಾಗ ಪಾಕಿಸ್ತಾನಕ್ಕೆ ಹೋದ ರೆಜಿಮೆಂಟುಗಳ ಕಾಗದಗಳೂ ಆ ಕಡೆ ಹೋದವು. ಲಂಡನ್ನಿನಲ್ಲಿ ಸಿಗುವುದು ಬೇರೆ ಬಗೆಯದು, ಅದನ್ನು ಮುಂದೆ ಹೇಳುತ್ತೇನೆ.

ಹಾಗಾಗಿ ಮೊದಲ ಪ್ರಶ್ನೆ ಒಂದೇ: ಯಾವ ದಂಡು? ನಮ್ಮ ಸೀಮೆಯವರಿಗೆ ಈ ಪ್ರಶ್ನೆ ಬೇರೆಯವರಿಗಿಂತ ಹೆಚ್ಚು ಮುಖ್ಯ. ಹಾಸನವೂ ಚಿಕ್ಕಮಗಳೂರೂ ಆಗ ಮೈಸೂರು ಸಂಸ್ಥಾನದಲ್ಲಿದ್ದವು. ಇಲ್ಲಿನ ಯುವಕನ ಮುಂದೆ ಎರಡು ದಾರಿಗಳಿದ್ದವು. ಒಂದು ಮಹಾರಾಜರ ಸೇನೆ, ಇನ್ನೊಂದು ಬ್ರಿಟಿಷ್ ಇಂಡಿಯಾದ ಸೇನೆ. ಎರಡೂ ಬೆಂಗಳೂರಿನಲ್ಲೇ ಸೇರಿಸಿಕೊಳ್ಳುತ್ತಿದ್ದವು. ಅರಸೀಕೆರೆಯಲ್ಲೋ ಕಡೂರಿನಲ್ಲೋ ರೈಲು ಹತ್ತಿದ ಹುಡುಗ ಯಾವ ಗೇಟಿನೊಳಗೆ ಹೋದ ಎಂಬುದು ಮನೆಯವರಿಗೆ ಗೊತ್ತಾಗುತ್ತಿರಲಿಲ್ಲ. ಅವರ ಬಾಯಲ್ಲಿ ಅದೂ ದಂಡು, ಇದೂ ದಂಡು. ಬೆಂಗಳೂರಿನ ಕಂಟೋನ್ಮೆಂಟ್ ಪ್ರದೇಶಕ್ಕೂ ದಂಡು ಎಂದೇ ಹೆಸರು. ಗೊಂದಲಕ್ಕೆ ಇನ್ನೇನು ಬೇಕು?

ಮಹಾರಾಜರ ಕಡೆಯದಾದರೆ ಒಂದು ಹೆಸರನ್ನು ನೆನಪಿಡಿ: 1ನೇ ಮೈಸೂರು ಇನ್‌ಫೆಂಟ್ರಿ. ಮಲಯ ಮತ್ತು ಸಿಂಗಪುರದ ರಕ್ಷಣೆಗೆ ಹಲವು ಸಂಸ್ಥಾನಗಳ ಪಡೆಗಳು ಹೋಗಿದ್ದವು. ಹೈದರಾಬಾದ್, ಬಹಾವಲ್‌ಪುರ, ಜೀಂದ್, ಕಪೂರ್ತಲಾ ಪಡೆಗಳ ಜೊತೆಗೆ ನಮ್ಮ ಮೈಸೂರಿನ ಬೆಟಾಲಿಯನ್ನೂ ಅಲ್ಲಿತ್ತು. 1942ರ ಫೆಬ್ರವರಿ 15ರಂದು ಸಿಂಗಪುರ ಶರಣಾದಾಗ ಅದು ಇಡಿಯಾಗಿ ಸೆರೆ ಸಿಕ್ಕಿತು. ಮನೆಯಲ್ಲಿ "ಸಿಂಗಪುರ" ಎಂಬ ಹೆಸರು ಕೇಳಿಬಂದಿದ್ದರೆ, ಜೊತೆಗೆ ಹೋದವರು ಮೈಸೂರಿನವರೇ ಎಂಬ ನೆನಪೂ ಇದ್ದರೆ, ಮೊದಲು ಈ ಬೆಟಾಲಿಯನ್ ಹಿಡಿದು ಹುಡುಕಬೇಕು. ಸ್ವಾತಂತ್ರ್ಯದ ನಂತರ ಸಂಸ್ಥಾನದ ಪಡೆಗಳು ಭಾರತೀಯ ಸೇನೆಯಲ್ಲಿ ವಿಲೀನವಾದಾಗ ಇದು ಮದ್ರಾಸ್ ರೆಜಿಮೆಂಟಿನ 18ನೇ ಬೆಟಾಲಿಯನ್ ಆಯಿತು. ಆದ್ದರಿಂದ ಕಾಗದ ಬರೆಯಬೇಕಾದ ಮೊದಲ ವಿಳಾಸ ನೀಲಗಿರಿಯ ವೆಲ್ಲಿಂಗ್ಟನ್ನಿನಲ್ಲಿರುವ ಮದ್ರಾಸ್ ರೆಜಿಮೆಂಟಿನ ದಾಖಲೆ ಕಚೇರಿ. ಎರಡನೆಯದು ಬೆಂಗಳೂರಿನ ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರ. ಸಂಸ್ಥಾನದ ಸರ್ಕಾರದ ಹಳೆಯ ಕಡತಗಳು ಅಲ್ಲಿವೆ. ಮೈಸೂರು ಸರ್ಕಾರದ ವಾರ್ಷಿಕ ಆಡಳಿತ ವರದಿಗಳಲ್ಲಿ ಸೇನೆಗೇ ಮೀಸಲಾದ ಭಾಗವಿರುತ್ತದೆ. ಅದರಲ್ಲಿ ಸಿಪಾಯಿಯ ಹೆಸರನ್ನು ನಿರೀಕ್ಷಿಸಬೇಡಿ, ಆದರೆ ಪಡೆ ಯಾವ ವರ್ಷ ಎಲ್ಲಿತ್ತೆಂಬ ವಿವರ ಸಿಗುತ್ತದೆ.

ಮೊದಲನೇ ಮಹಾಯುದ್ಧಕ್ಕೆ ಹೋದವರಾದರೆ ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆಯನ್ನು ನೋಡಬೇಕು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ ಪಡೆಗಳಲ್ಲಿ ಅದೂ ಒಂದು. ಆ ಯುದ್ಧದ ಸೆರೆಯಾಳುಗಳ ಚೀಟಿಗಳನ್ನು ಜಿನೀವಾದ ಅಂತಾರಾಷ್ಟ್ರೀಯ ರೆಡ್‌ಕ್ರಾಸ್ ಅಂತರ್ಜಾಲದಲ್ಲಿ ಉಚಿತವಾಗಿ ತೆರೆದಿಟ್ಟಿದೆ.

ಬ್ರಿಟಿಷ್ ಇಂಡಿಯಾದ ಸೇನೆಯದಾದರೆ ದಾರಿ ಕವಲೊಡೆಯುತ್ತದೆ. ನಮ್ಮ ಕಡೆಯವರು ಹೆಚ್ಚಾಗಿ ಸೇರಿದ್ದು ಬಂದೂಕು ಹಿಡಿಯುವ ಪಡೆಗಳಿಗಲ್ಲ. ಸೇತುವೆ, ರಸ್ತೆ, ಸುರಂಗದ ಕೆಲಸದ ಮದ್ರಾಸ್ ಸ್ಯಾಪರ್ಸ್. ಲಾರಿ ಓಡಿಸುವ, ರೇಷನ್ ಸಾಗಿಸುವ ಆರ್ಮಿ ಸರ್ವಿಸ್ ಕೋರ್. ಗುದ್ದಲಿ ಹಿಡಿಯುವ ಪಯೋನಿಯರ್ ಕೋರ್. ಇವುಗಳ ಕೇಂದ್ರ ಕಚೇರಿಗಳು ಬೆಂಗಳೂರಿನಲ್ಲೇ ಇವೆ. ಮದ್ರಾಸ್ ಸ್ಯಾಪರ್ಸ್‌ನವರದು ಹಲಸೂರು ಕೆರೆಯ ಪಕ್ಕದಲ್ಲಿ. ಕಾಗದದಲ್ಲಿ ಹುದ್ದೆಯೇ ಸುಳಿವು ಕೊಡುತ್ತದೆ. "ಸ್ಯಾಪರ್" ಎಂದಿದ್ದರೆ ಎಂಜಿನಿಯರ್ ಪಡೆ. "ಡ್ರೈವರ್" ಎಂದಿದ್ದರೆ ಬಹುಪಾಲು ಸರ್ವಿಸ್ ಕೋರ್. "ಗನ್ನರ್" ಎಂದಿದ್ದರೆ ತೋಪಿನ ಪಡೆ, ಅದರ ದಾಖಲೆ ಕಚೇರಿ ನಾಸಿಕದಲ್ಲಿದೆ. "ಜಮಾದಾರ್" ಎಂಬ ಹುದ್ದೆಗೆ ಈಗ ನಾಯಬ್ ಸುಬೇದಾರ್ ಎನ್ನುತ್ತಾರೆ. ಅದು ಸಣ್ಣ ಹುದ್ದೆಯಲ್ಲ, ಮನೆಯವರು ಮರೆತಿರಬಹುದು.

ಈಗ ಟ್ರಂಕಿಗೆ ಬರೋಣ. ಅಟ್ಟದ ಮೇಲಿನ ಕಬ್ಬಿಣದ ಟ್ರಂಕು ಇನ್ನೂ ಇದ್ದರೆ ಮುಚ್ಚಳದ ಒಳಬದಿಯನ್ನೂ ನೋಡಿ. ಬಣ್ಣದಲ್ಲಿ ಬರೆದ ಸಂಖ್ಯೆ ಅಲ್ಲಿರುವುದುಂಟು. ಬಿಡುಗಡೆ ಪತ್ರ ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಅದರಲ್ಲಿ ಸಂಖ್ಯೆ, ಹುದ್ದೆ, ತಂದೆಯ ಹೆಸರು, ಊರು, ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ ಎಲ್ಲವೂ ಇರುತ್ತವೆ. ಪತ್ರ ಇಲ್ಲದಿದ್ದರೆ ಪದಕಗಳು ಮಾತನಾಡುತ್ತವೆ. ಬ್ರಿಟಿಷ್ ಸಿಪಾಯಿಗಳಿಗೆ ಕೊಟ್ಟ ಎರಡನೇ ಯುದ್ಧದ ಪದಕಗಳಲ್ಲಿ ಹೆಸರು ಕೆತ್ತಿರಲಿಲ್ಲ. ಭಾರತೀಯ ಸಿಪಾಯಿಗಳ ಪದಕಗಳಲ್ಲಿ ಹೆಸರು ಮತ್ತು ಸಂಖ್ಯೆ ಹೆಚ್ಚಾಗಿ ಇರುತ್ತವೆ, ದುಂಡು ಪದಕದಲ್ಲಿ ಅಂಚಿನ ಮೇಲೆ, ಆರು ಮೊನೆಯ ನಕ್ಷತ್ರದಲ್ಲಿ ಹಿಂಬದಿಗೆ. ನಕ್ಷತ್ರದ ಮೇಲೆ ಬರೆದಿರುವುದು ಯುದ್ಧಭೂಮಿಯ ಹೆಸರು. ಆಫ್ರಿಕಾ ಸ್ಟಾರ್ ಇದ್ದರೆ ಅಜ್ಜ ಉತ್ತರ ಆಫ್ರಿಕಾದ ಮರಳಿನಲ್ಲೋ ಎರಿಟ್ರಿಯಾದ ಬೆಟ್ಟಗಳಲ್ಲೋ ಇದ್ದರು. ಬರ್ಮಾ ಸ್ಟಾರ್ ಇದ್ದರೆ ಬರ್ಮಾ ಮತ್ತು ಈಶಾನ್ಯದ ಕಾಡು. ಸಿಂಗಪುರದಲ್ಲಿ ಸೆರೆ ಸಿಕ್ಕವರ ಪಾಲಿಗೆ ಮುಖ್ಯವಾದದ್ದು ಪೆಸಿಫಿಕ್ ಸ್ಟಾರ್. ಇಂಡಿಯಾ ಸರ್ವಿಸ್ ಮೆಡಲ್ ಮತ್ತು ವಾರ್ ಮೆಡಲ್ ಮಾತ್ರ ಇದ್ದು ಯಾವ ನಕ್ಷತ್ರವೂ ಇಲ್ಲದಿದ್ದರೆ ಅವರ ಸೇವೆ ಬಹುಶಃ ದೇಶದೊಳಗೇ ನಡೆದಿದೆ. ಆಗ ಸೆರೆಯ ಕಥೆಯನ್ನು ಇನ್ನೊಮ್ಮೆ ಪರೀಕ್ಷಿಸಬೇಕು.

ಟ್ರಂಕೂ ಇಲ್ಲ, ಪದಕವೂ ಇಲ್ಲ ಎನ್ನುವವರು ಜಮೀನಿನ ಕಾಗದ ತೆಗೆಯಿರಿ. ನಮ್ಮ ಜಿಲ್ಲೆಗಳಲ್ಲಿ ಸೈನಿಕರ ಕೋಟಾದಲ್ಲಿ ದರಖಾಸ್ತು ಮಂಜೂರಾದ ಜಮೀನುಗಳಿವೆ. ಮಂಜೂರಾತಿಯ ಕಡತದಲ್ಲಿ ಅರ್ಜಿದಾರ ಸೈನಿಕನೆಂದು ತೋರಿಸುವ ಪತ್ರದ ನಕಲು ಲಗತ್ತಾಗಿರುತ್ತದೆ. ಸಾಗುವಳಿ ಚೀಟಿಯಲ್ಲಿರುವ ಸಂಖ್ಯೆ ಹಿಡಿದು ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ಮೂಲ ಕಡತದ ನಕಲು ಕೇಳಬಹುದು. ಸೇನೆ ಕಳೆದುಕೊಂಡ ಕಾಗದವನ್ನು ಕಂದಾಯ ಇಲಾಖೆ ಉಳಿಸಿಕೊಂಡಿರುತ್ತದೆ. ಹಾಸನದ ಸೈನಿಕ ಕಲ್ಯಾಣ ಕಚೇರಿಯಲ್ಲೂ ಕೇಳಿ ನೋಡಿ. ಯುದ್ಧಕ್ಕೆ ಹೋಗಿ ಪಿಂಚಣಿ ಇಲ್ಲದೆ ಬಂದವರಿಗೂ ಅವರ ವಿಧವೆಯರಿಗೂ ಸಹಾಯಧನ ಕೊಡುವ ವ್ಯವಸ್ಥೆ ಆ ಇಲಾಖೆಯಲ್ಲಿತ್ತು. ಅಜ್ಜಿ ಅರ್ಜಿ ಹಾಕಿದ್ದರೆ ಅದರ ಜೊತೆ ದಾಖಲೆ ಹೋಗಿರಲೇಬೇಕು.

ಸಂಖ್ಯೆ, ಹೆಸರು, ಪಡೆ ಇಷ್ಟು ಕೈಗೆ ಬಂದ ಮೇಲೆ ದಾಖಲೆ ಕಚೇರಿಗೆ ಬರೆಯಬೇಕು. ಸಂಖ್ಯೆ ಒಂದೇ ಸಾಲದು. ಆಗ ಒಂದೊಂದು ರೆಜಿಮೆಂಟ್ ತನ್ನದೇ ಸಾಲು ಸಂಖ್ಯೆ ಕೊಡುತ್ತಿತ್ತು, ಅದೇ ಸಂಖ್ಯೆ ಇನ್ನೊಂದು ರೆಜಿಮೆಂಟಿನಲ್ಲಿ ಇನ್ನೊಬ್ಬನದಾಗಿರುತ್ತದೆ. ಸಂಖ್ಯೆಯ ಮುಂದೆ ಇಂಗ್ಲಿಷ್ ಅಕ್ಷರಗಳಿದ್ದರೆ ಬಿಡದೆ ಬರೆಯಿರಿ. ತಂದೆಯ ಹೆಸರು, ಊರು, ಅಂಚೆ, ತಾಲ್ಲೂಕು, ಜಿಲ್ಲೆ, ನಿಮಗೂ ಅವರಿಗೂ ಇರುವ ಸಂಬಂಧ, ಅದಕ್ಕೆ ವಂಶವೃಕ್ಷದ ಪ್ರತಿ ಇವನ್ನೆಲ್ಲ ಸೇರಿಸಿ. ಸಾದಾ ಪತ್ರಕ್ಕೆ ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಶುಲ್ಕ 10 ರೂಪಾಯಿ. 30 ದಿನದೊಳಗೆ ಉತ್ತರ ಕೊಡಬೇಕು. ತಪ್ಪು ವಿಳಾಸಕ್ಕೆ ಹೋದರೂ ಸರಿಯಾದ ಪ್ರಾಧಿಕಾರಕ್ಕೆ ವರ್ಗಾಯಿಸುವ ಹೊಣೆ ಪಡೆದವರದೇ. "ಇದು ಖಾಸಗಿ ಮಾಹಿತಿ" ಎಂಬ ಉತ್ತರ ಬಂದರೆ ಅದೇ ಕಾಯ್ದೆಯ 8(3)ನೇ ಕಲಮನ್ನು ತೋರಿಸಿ. 20 ವರ್ಷಕ್ಕಿಂತ ಹಳೆಯ ಸಂಗತಿಗಳ ಮಾಹಿತಿಯನ್ನು, ಮೂರು ವಿನಾಯಿತಿಗಳನ್ನು ಬಿಟ್ಟರೆ, ಕೊಡಬೇಕೆಂದು ಅದು ಹೇಳುತ್ತದೆ. ಖಾಸಗಿ ಎಂಬ ಕಾರಣ ಆ ಮೂರರಲ್ಲಿ ಇಲ್ಲ.

ನಮಗೆ ಮೊದಲು ಬಂದ ಉತ್ತರ ಒಂದೇ ವಾಕ್ಯದ್ದು: ಈ ಹೆಸರಿನವರು ನಮ್ಮಲ್ಲಿ ಇಲ್ಲ. ಅಜ್ಜಿ ಇದ್ದಿದ್ದರೆ ಏನನ್ನುತ್ತಿದ್ದರೋ ಎಂದು ಆ ದಿನ ಬಹಳ ನೊಂದುಕೊಂಡೆ. ಪದಕವನ್ನು ಮತ್ತೆ ನೋಡಿದಾಗ ಸವೆದ 8 ಅನ್ನು 3 ಎಂದು ಓದಿದ್ದು ತಿಳಿಯಿತು. ಸಂಖ್ಯೆ ತಿದ್ದಿ ಬರೆದಾಗ ಬಂದ ಉತ್ತರದಲ್ಲಿ ಎರಡು ಸಂಗತಿಗಳಿದ್ದವು. ಒಂದು, ಸೇವಾ ಕಡತ ನಾಶವಾಗಿದೆ. ಇದು ನಿಮಗೂ ಬರಬಹುದಾದ ಉತ್ತರ, ಎದೆಗುಂದಬೇಡಿ. ಪಿಂಚಣಿ ಇಲ್ಲದೆ ಬಿಡುಗಡೆಯಾದವರ ಕಡತವನ್ನು 25 ವರ್ಷ ಇಟ್ಟು ನಾಶಪಡಿಸುವುದು ಸೇನೆಯ ನಿಯಮ. ಯುದ್ಧದ ಅವಧಿಗೆಂದು ಸೇರಿ 1946, 1947ರಲ್ಲಿ ಮನೆಗೆ ಬಂದ ಲಕ್ಷಾಂತರ ಜನ ಇದೇ ಗುಂಪಿನವರು. ಎರಡನೆಯದು, ಲಾಂಗ್ ರೋಲ್ ಎಂಬ ಪುಸ್ತಕದಲ್ಲಿ ಅವರ ಸಾಲು ಇದೆ. ಸೇರಿದವರೆಲ್ಲರ ಹೆಸರನ್ನು ಸಾಲಾಗಿ ಬರೆದಿಟ್ಟ ಆ ಪುಸ್ತಕವನ್ನು ಕಡತಗಳಂತೆ ನಾಶಪಡಿಸುವುದಿಲ್ಲ. ಅರ್ಜಿಯಲ್ಲಿ "ಸೇವಾ ದಾಖಲೆ ಕೊಡಿ" ಎಂದಷ್ಟೇ ಬರೆದರೆ "ನಾಶವಾಗಿದೆ" ಎಂಬಲ್ಲಿಗೆ ವಿಷಯ ಮುಗಿದುಹೋಗಬಹುದು. "ಲಾಂಗ್ ರೋಲ್‌ನಲ್ಲಿರುವ ವಿವರವನ್ನಾದರೂ ಕೊಡಿ" ಎಂದು ಹೆಸರು ಹಿಡಿದು ಕೇಳಿ.

ಇನ್ನು ಸೆರೆಯ ವಿಷಯ. ಇಲ್ಲಿ ದಾಖಲೆ ತೆಳುವಾಗುತ್ತದೆ, ಅದಕ್ಕೆ ಕಾರಣವಿದೆ. ಸಿಂಗಪುರ ಬಿದ್ದ ಎರಡು ದಿನಕ್ಕೆ, ಫೆಬ್ರವರಿ 17ರಂದು, ಭಾರತೀಯ ಸೈನಿಕರನ್ನು ಬ್ರಿಟಿಷರಿಂದ ಬೇರ್ಪಡಿಸಿ ಫ್ಯಾರರ್ ಪಾರ್ಕ್ ಮೈದಾನದಲ್ಲಿ ಸೇರಿಸಿದರು. ನಲವತ್ತು ಸಾವಿರಕ್ಕೂ ಹೆಚ್ಚು ಜನ. ಅಲ್ಲಿ ಅವರನ್ನು ಜಪಾನಿನ ಅಧಿಕಾರಿ ಫುಜಿವಾರಾ, ಜಪಾನಿನವರ ಜೊತೆ ಸೇರಿದ್ದ ಭಾರತೀಯ ಅಧಿಕಾರಿ ಕ್ಯಾಪ್ಟನ್ ಮೋಹನ್ ಸಿಂಗ್ ಅವರ ವಶಕ್ಕೆ ಒಪ್ಪಿಸಿದರು. ಆಜಾದ್ ಹಿಂದ್ ಫೌಜಿನ ಆರಂಭ ಅದು. ಕೆಲವರು ಸೇರಿದರು, ಕೆಲವರು ಸೇರಲಿಲ್ಲ. ಸೇರದವರಲ್ಲಿ ಸಾವಿರಾರು ಜನರನ್ನು ಕೂಲಿ ತಂಡಗಳಾಗಿ ಹಡಗಿನಲ್ಲಿ ತುಂಬಿ ನ್ಯೂ ಗಿನಿ, ನ್ಯೂ ಬ್ರಿಟನ್ ದ್ವೀಪಗಳಿಗೆ ಸಾಗಿಸಿದರು. ಹಸಿವು, ಮಲೇರಿಯಾ, ಹೊಡೆತಗಳಿಂದ ಅಲ್ಲಿ ಸತ್ತವರು ಬಹಳ. 1945ರಲ್ಲಿ ಉಳಿದವರನ್ನು ಬಿಡಿಸಿದ್ದು ಆಸ್ಟ್ರೇಲಿಯಾದ ಪಡೆಗಳು. ಹೀಗಾಗಿ ಹಾಸನದ ಸಿಪಾಯಿಯ ಸೆರೆಯ ಸುಳಿವು ಕ್ಯಾನ್‌ಬೆರಾದ ಯುದ್ಧ ಸ್ಮಾರಕ ಸಂಗ್ರಹದಲ್ಲಿ ಇರಬಹುದು. ನ್ಯೂ ಬ್ರಿಟನ್ ದ್ವೀಪದ ರಬೌಲ್‌ನಲ್ಲಿ ಬಿಡುಗಡೆಯಾದ ಭಾರತೀಯರ ಛಾಯಾಚಿತ್ರಗಳು ಅಲ್ಲಿವೆ. ಮೂಳೆ ಚಕ್ಕಳವಾಗಿ ನಿಂತ ಆ ಮುಖಗಳನ್ನು ನೋಡಿದ ಮೇಲೆ, ಹಿರಿಯರು ಏಕೆ ಮಾತನಾಡಲಿಲ್ಲ ಎಂದು ನಾನು ಕೇಳುವುದನ್ನು ಬಿಟ್ಟೆ.

ಫೌಜಿಗೆ ಸೇರಿದವರ ಕಾಗದದ ದಾರಿ ಬೇರೆ. ಯುದ್ಧ ಮುಗಿದ ಮೇಲೆ ಬ್ರಿಟಿಷರು ಮರಳಿದವರನ್ನು ವಿಚಾರಣೆ ಮಾಡಿ ಬಿಳಿ, ಬೂದು, ಕಪ್ಪು ಎಂದು ಮೂರು ಗುಂಪು ಮಾಡಿದರು. ಬಿಳಿ ಎಂದರೆ ನಿಷ್ಠೆ ಬಿಡದವರು, ಕಪ್ಪು ಎಂದರೆ ಮನಸಾರೆ ಫೌಜಿಗೆ ಸೇರಿದವರು. ಬಿಡುಗಡೆ ಪತ್ರದಲ್ಲಿ ವಜಾ ಎಂಬ ಅರ್ಥದ ಮಾತಿದ್ದು ವರ್ಷ 1945 ಅಥವಾ 1946 ಆಗಿದ್ದರೆ ಅದನ್ನು ಕಳ್ಳತನಕ್ಕೋ ಜಗಳಕ್ಕೋ ಸಿಕ್ಕ ಶಿಕ್ಷೆಯೆಂದು ಓದಿ ಮುಚ್ಚಿಡಬೇಡಿ. ನೇತಾಜಿಯ ಸೇನೆಯಲ್ಲಿದ್ದ ಗುರುತು ಅದಾಗಿರಬಹುದು. 1997ರಲ್ಲಿ ರಕ್ಷಣಾ ಸಚಿವಾಲಯವು ಈ ಫೌಜಿಗೆ ಸೇರಿದ 990 ಕಡತಗಳನ್ನು ದೆಹಲಿಯ ರಾಷ್ಟ್ರೀಯ ಪತ್ರಾಗಾರಕ್ಕೆ ಒಪ್ಪಿಸಿತು. ಆ ಪತ್ರಾಗಾರದ ಅಭಿಲೇಖ್ ಪಟಲ್ ಜಾಲತಾಣದಲ್ಲಿ ಮನೆಯಿಂದಲೇ ಹುಡುಕಬಹುದು. 1972ರಲ್ಲಿ ಶುರುವಾದ ಕೇಂದ್ರದ ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿಗೆ ಫೌಜಿನವರೂ ಅರ್ಹರಾಗಿದ್ದರು. ಅಜ್ಜ ಅದಕ್ಕೆ ಅರ್ಜಿ ಹಾಕಿದ್ದರೆ ಸೆರೆಯ ವಿವರವನ್ನೂ ಜೊತೆಗಿದ್ದವರ ಹೇಳಿಕೆಯನ್ನೂ ಜಿಲ್ಲಾಧಿಕಾರಿ ಕಚೇರಿಯ ಕಡತದಲ್ಲಿ ಹುಡುಕಬೇಕು.

ಆಫ್ರಿಕಾದಲ್ಲಿ ಸೆರೆ ಸಿಕ್ಕವರು ಇಟಲಿಯ ಶಿಬಿರಗಳಿಗೂ ಅಲ್ಲಿಂದ ಜರ್ಮನಿಗೂ ಹೋದರು. ಜರ್ಮನಿಯ ಆನಾಬುರ್ಗ್, ಫ್ರಾನ್ಸಿನ ಎಪಿನಾಲ್ ಎಂಬ ಹೆಸರುಗಳು ಹಳೆಯ ಕಾಗದಗಳಲ್ಲಿ ಕಂಡರೆ ಅವು ಭಾರತೀಯ ಸೆರೆಯಾಳುಗಳಿದ್ದ ಶಿಬಿರಗಳು. ಯೂರೋಪಿನ ಸೆರೆಯ ಪಟ್ಟಿಗಳು ರೆಡ್‌ಕ್ರಾಸಿನ ಮೂಲಕ ಹಾದುಹೋದದ್ದರಿಂದ ಜಪಾನಿನ ಕಡೆಗಿಂತ ಅಚ್ಚುಕಟ್ಟು. ಎರಡನೇ ಯುದ್ಧದ ಮಾಹಿತಿಯನ್ನು ಜಿನೀವಾದವರು ವರ್ಷವಿಡೀ ಹುಡುಕಿ ಕೊಡುವುದಿಲ್ಲ. ನಿಗದಿತ ಸಂಖ್ಯೆಯ ಅರ್ಜಿಗಳನ್ನು ಆಗಾಗ ಮಾತ್ರ ತೆಗೆದುಕೊಳ್ಳುತ್ತಾರೆ. ಬಾಗಿಲು ತೆರೆಯುವ ದಿನ ತಿಳಿದುಕೊಂಡು ಅಂದೇ ಕಳಿಸಬೇಕು.

ಲಂಡನ್ನಿನ ಪಾಲು ಈಗ. ಅಲ್ಲಿನ ರಾಷ್ಟ್ರೀಯ ಪತ್ರಾಗಾರದಲ್ಲಿ ಪಡೆಗಳ ಯುದ್ಧ ದಿನಚರಿಗಳಿವೆ, ಒಂದು ತುಕಡಿ ಯಾವ ದಿನ ಎಲ್ಲಿತ್ತು, ಏನು ಮಾಡಿತು ಎಂಬ ಬರಹ. ದೆಹಲಿಯಲ್ಲಿ ರಕ್ಷಣಾ ಸಚಿವಾಲಯದ ಇತಿಹಾಸ ವಿಭಾಗದಲ್ಲೂ ಇಂಥವು ಇವೆ. ಸಿಪಾಯಿಯ ಹೆಸರು ಅಲ್ಲಿ ಬರುವುದು ಅಪರೂಪ. ಆದರೆ ಲಾಂಗ್ ರೋಲ್‌ನ ಒಂದು ಸಾಲಿನ ಪಕ್ಕದಲ್ಲಿ ದಿನಚರಿಯನ್ನು ಇಟ್ಟುಕೊಂಡರೆ ಆ ಸಾಲಿಗೆ ರಸ್ತೆಯೂ ಮಳೆಯೂ ಸೇತುವೆಯೂ ಬಂದು ಕೂಡುತ್ತವೆ.

ಮರಳಿ ಬಾರದವರನ್ನು ಹುಡುಕುವುದು, ಹೇಳಲು ಸಂಕಟವಾಗುತ್ತದೆ, ಮರಳಿ ಬಂದವರನ್ನು ಹುಡುಕುವುದಕ್ಕಿಂತ ಸುಲಭ. ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಎರಡನೇ ಯುದ್ಧದಲ್ಲಿ ಮಡಿದ ಸುಮಾರು 87,000 ಭಾರತೀಯರ ಹೆಸರಿದೆ. ಗೋರಿ ಇಲ್ಲದವರ ಹೆಸರುಗಳು ಸ್ಮಾರಕಗಳ ಮೇಲಿವೆ. ಸಿಂಗಪುರದ ಕ್ರಾಂಜಿಯಲ್ಲಿ 24,000ಕ್ಕೂ ಹೆಚ್ಚು, ರಂಗೂನಿನ ಬಳಿಯ ತೌಕ್ಯಾನ್‌ನಲ್ಲಿ ಸುಮಾರು 27,000. ಕ್ರಾಂಜಿಯಲ್ಲಿ ದಹನವಾದವರಿಗೆಂದು ಬೇರೆಯೇ ಸ್ಮಾರಕವಿದೆ, ಅದರಲ್ಲಿರುವವರು ಹೆಚ್ಚಿನವರು ಭಾರತೀಯರೇ. ಹಲವರ ಹೆಸರಿನ ಮುಂದೆ ತಂದೆ, ಹೆಂಡತಿ, ಊರು, ಜಿಲ್ಲೆ ಬರೆದಿರುತ್ತದೆ. ಜಾಲತಾಣದಲ್ಲಿ ಆ ಹೆಚ್ಚುವರಿ ವಿವರದೊಳಗೂ ಹುಡುಕುವ ಅನುಕೂಲವಿದೆ.

ಆ ಅನುಕೂಲವನ್ನು ಬಳಸುವಾಗ ಹಳೆಯ ಭೂಪಟ ತಲೆಯಲ್ಲಿರಬೇಕು. ಚಿಕ್ಕಮಗಳೂರು ಎಂದು ಕೊಟ್ಟು ಏನೂ ಸಿಗಲಿಲ್ಲವೆಂದು ಬಿಟ್ಟವರನ್ನು ನೋಡಿದ್ದೇನೆ. 1947ರವರೆಗೆ ಆ ಜಿಲ್ಲೆಯ ಹೆಸರು ಕಡೂರು. ಮೂಡಿಗೆರೆಯವನೂ ಕೊಪ್ಪದವನೂ ಸೇನೆಯ ಪುಸ್ತಕದಲ್ಲಿ ಕಡೂರು ಜಿಲ್ಲೆಯವನೇ. ಸಕಲೇಶಪುರ ತಾಲ್ಲೂಕು ಆಗ ಮಂಜರಾಬಾದ್. ಇನ್ನು ಹೆಸರುಗಳನ್ನು ಬರೆದುಕೊಂಡವರು ಬಹುಪಾಲು ಕನ್ನಡ ಬಾರದ ಗುಮಾಸ್ತರು. ತಿಮ್ಮಯ್ಯ ನಾಲ್ಕು ಬಗೆಯಲ್ಲಿ ಸಿಗುತ್ತಾನೆ. ಗೌಡ ಎಂಬುದು ಹೆಸರಿಗೆ ಅಂಟಿಕೊಂಡೂ ಬಿಡಿಯಾಗಿಯೂ ಬೇರೆ ಬೇರೆ ಸ್ವರಾಕ್ಷರಗಳಲ್ಲಿಯೂ ಇರುತ್ತದೆ. ಳಕಾರ, ಣಕಾರಗಳು ಇಂಗ್ಲಿಷಿನಲ್ಲಿ ಉಳಿಯುವುದೇ ಇಲ್ಲ. ಮನೆಯಲ್ಲಿ ಕರೆಯುತ್ತಿದ್ದ ಹೆಸರೇ ಬೇರೆ, ದಂಡಿನಲ್ಲಿ ಬರೆಸಿದ್ದೇ ಬೇರೆ ಎಂಬುದೂ ಉಂಟು. ಆದ್ದರಿಂದ ಪೂರ್ತಿ ಹೆಸರಿಗಿಂತ ಹೆಸರಿನ ಮೊದಲ ಮೂರು ನಾಲ್ಕು ಅಕ್ಷರ ಹಾಗೂ ಪಡೆಯ ಹೆಸರನ್ನು ಕೊಟ್ಟು ಹುಡುಕುವುದು ಮೇಲು.

ನಮ್ಮ ದೊಡ್ಡಜ್ಜನ ಸಾಲಿನಲ್ಲಿ ಊರಿನ ಹೆಸರಿನ ಒಂದು ಅಕ್ಷರ ಬಿಟ್ಟುಹೋಗಿ ಅದು ಬೇರೆಯೇ ಊರಿನಂತೆ ಕಾಣುತ್ತಿತ್ತು. ತಂದೆಯ ಹೆಸರು ಸರಿಯಾಗಿತ್ತು, ಅದರಿಂದಲೇ ಅವರೆಂದು ಗುರುತಾಯಿತು. ಆ ತಪ್ಪು ಕಾಗುಣಿತವನ್ನೇ ಸಮಾಧಿ ಆಯೋಗದ ಜಾಲತಾಣದಲ್ಲಿ ಹಾಕಿ ನೋಡಿದೆ. ಅದೇ ಊರು, ಅದೇ ಪಡೆ, ಬೇರೆ ಹೆಸರು: ಒಬ್ಬ ಸಿಪಾಯಿ, 1944ರಲ್ಲಿ ಸತ್ತವನು. ಊರಿನಲ್ಲಿ ವಿಚಾರಿಸಿದಾಗ ಕೆರೆಯ ಏರಿಯ ಕೆಳಗಿನ ಮನೆಯ ಹಿರಿಯರೊಬ್ಬರು, ತಮ್ಮ ಚಿಕ್ಕಪ್ಪನೊಬ್ಬ ಚಿಕ್ಕಂದಿನಲ್ಲಿ ಮನೆ ಬಿಟ್ಟು ಹೋಗಿ ಬರಲೇ ಇಲ್ಲ, ಬೊಂಬಾಯಿಯಲ್ಲಿ ಇರಬೇಕೆಂದು ಮನೆಯವರು ನಂಬಿದ್ದರು ಎಂದರು. ತಂದೆಯ ಹೆಸರು ಹೊಂದುತ್ತದೆ, ಅವನ ಹೆಸರು ಅರ್ಧ ಹೊಂದುತ್ತದೆ. ಅವರ ಸಹಿ ಹಾಕಿಸಿ, ವಂಶವೃಕ್ಷ ಲಗತ್ತಿಸಿ, ಲಾಂಗ್ ರೋಲ್ ಎಂದು ಸ್ಪಷ್ಟವಾಗಿ ಬರೆದು ಅರ್ಜಿ ಕಳಿಸಿದ್ದೇವೆ. ಇಂದಿಗೆ ಹದಿನೆಂಟು ದಿನವಾಯಿತು.